ಬಾರದ ಜ್ವರದ ಲೆಕ್ಕ: ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ,

ಮೂವತ್ತೊಂದು ವರ್ಷ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಮನೆ ಮಂಗಳೂರಿನ ಬೋಳಾರದಲ್ಲಿ. 1990ರ ದಶಕದಲ್ಲಿ ಈ ಊರಿನಲ್ಲಿ ಮಹಡಿ ಕಟ್ಟಡಗಳು ಒಂದರ ಹಿಂದೊಂದು ಏಳತೊಡಗಿದಾಗ ಅವುಗಳ ಜೊತೆಗೇ ಮಲೇರಿಯಾವೂ ತಲೆಯೆತ್ತಿತು. ಅಲ್ಲಿಂದ ನಿವೃತ್ತಿಯ ದಿನದವರೆಗೆ ಬೆರಳು ಚುಚ್ಚಿ ರಕ್ತಲೇಪನ ತೆಗೆಯುವುದೇ ನನ್ನ ಬದುಕಾಯಿತು. ಆದರೆ ಈ ಪತ್ರ ನನ್ನ ಸೇವೆಯ ಬಗ್ಗೆ ಅಲ್ಲ. ನಮ್ಮ ಬೀದಿಯ ಹನ್ನೊಂದು ಮಂದಿ ಹುಡುಗ ಹುಡುಗಿಯರ ಬಗ್ಗೆ.

ಅವರಲ್ಲಿ ಹಿರಿಯವನಿಗೆ ಇಪ್ಪತ್ತನಾಲ್ಕು, ಕಿರಿಯವಳು ಇನ್ನೂ ಪಿಯುಸಿ. ಒಬ್ಬ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ಒಬ್ಬಳು ಬೆಳಗಿನ ಜಾವ ತಾಯಿಯೊಂದಿಗೆ ದಕ್ಕೆಗೆ ಹೋಗಿ ಮೀನಿನ ಬುಟ್ಟಿ ಇಳಿಸಿ ಆಮೇಲೆ ಕಾಲೇಜಿಗೆ ಓಡುತ್ತಾಳೆ. ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ದಂಪತಿಗೆ ಇಲ್ಲಿಯೇ ಹುಟ್ಟಿದ ಹುಡುಗನೊಬ್ಬನಿದ್ದಾನೆ. ತುಳು, ಕನ್ನಡ, ಹಿಂದಿ ಮೂರೂ ಅವನ ನಾಲಗೆಯ ಮೇಲಿವೆ. ಸಂಘದ ಹೆಸರಿಲ್ಲ, ಬ್ಯಾನರ್ ಇಲ್ಲ. 2019ರ ಮಳೆಗಾಲದಲ್ಲಿ ನಗರದಲ್ಲಿ ಡೆಂಗಿ ಹಬ್ಬಿದಾಗ ಇವರೆಲ್ಲ ಶಾಲೆ ಕಾಲೇಜಿನ ಮಕ್ಕಳು. ಇಬ್ಬರು ಆಸ್ಪತ್ರೆಯ ಹಾಸಿಗೆ ಹಿಡಿದಿದ್ದರು. ಗುಣವಾಗಿ ಬಂದ ಆ ಇಬ್ಬರು ತಮ್ಮ ಮನೆಯ ಹಿತ್ತಲಿನಿಂದಲೇ ಸೊಳ್ಳೆ ಅಳಿಸುವ ಕೆಲಸ ಆರಂಭಿಸಿದರು. ಉಳಿದವರು ಒಬ್ಬೊಬ್ಬರಾಗಿ ಸೇರಿಕೊಂಡರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಟಾರ್ಚು, ಒಂದು ಬಿಳಿ ಬಟ್ಟಲು, ಹಗ್ಗ ಕಟ್ಟಿದ ಬಕೆಟು ಹಿಡಿದು ಹೊರಡುತ್ತಾರೆ. ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ, ತಿಳಿನೀರಿನಲ್ಲಿ. ಮುಚ್ಚಳ ಸರಿದ ಓವರ್‌ಹೆಡ್ ಟ್ಯಾಂಕು, ಬಳಸದೆ ಬಿಟ್ಟ ಬಾವಿ, ಲಿಫ್ಟಿನ ಗುಂಡಿ, ಕಾಂಕ್ರೀಟು ಗಟ್ಟಿಯಾಗಲೆಂದು ಹೊಸ ಸ್ಲ್ಯಾಬಿನ ಮೇಲೆ ಕಟ್ಟಿ ನಿಲ್ಲಿಸಿದ ನೀರು, ಇವೇ ಅದರ ತವರು. ಮನೆಯವರು ಚರಂಡಿಯತ್ತ ಕೈ ತೋರಿಸುತ್ತಾರೆ. ಈ ಮಕ್ಕಳು ತಾರಸಿ ಹತ್ತುತ್ತಾರೆ. ಬಟ್ಟಲಿನಲ್ಲಿ ನೀರು ತುಂಬಿ ತಂದು, ಅದರಲ್ಲಿ ಹೊರಳುವ ಮರಿಗಳನ್ನು ಮನೆಯೊಡತಿಗೆ ತೋರಿಸುತ್ತಾರೆ. ಆಮೇಲೆ ಭಾಷಣದ ಅಗತ್ಯ ಬೀಳುವುದಿಲ್ಲ.

ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಅದನ್ನು ತಮಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಇಲ್ಲಿ ಹೆಚ್ಚಾಗಿ ಕಾಣಿಸುವುದು ವೈವಾಕ್ಸ್ ಮಲೇರಿಯಾ. ಅದರ ಪರಾವಲಂಬಿ ಪಿತ್ತಜನಕಾಂಗದಲ್ಲಿ ಅಡಗಿ ಕೂರುತ್ತದೆ. ಕ್ಲೋರೋಕ್ವಿನ್ ಮೂರು ದಿನ ನುಂಗಿದರೆ ಜ್ವರ ಬಿಡುತ್ತದೆ. ಅಡಗಿದ್ದನ್ನು ಬೇರುಸಹಿತ ತೆಗೆಯಲು ಪ್ರೈಮಾಕ್ವಿನ್ ಹದಿನಾಲ್ಕು ದಿನ ಬೇಕು. ಜ್ವರ ಬಿಟ್ಟವನಿಗೆ ನಾಲ್ಕನೆಯ ದಿನ ಮಾತ್ರೆಯ ನೆನಪು ಎಲ್ಲಿರುತ್ತದೆ? ದಿನಗೂಲಿಯವನು ಕೆಲಸಕ್ಕೆ ಹೋಗುತ್ತಾನೆ, ಕೆಲವು ತಿಂಗಳ ಮೇಲೆ ಮತ್ತೆ ನಡುಗುತ್ತಾ ಮಲಗುತ್ತಾನೆ, ಅಷ್ಟರಲ್ಲಿ ಅವನನ್ನು ಕಚ್ಚಿದ ಸೊಳ್ಳೆ ಪಕ್ಕದವನನ್ನೂ ಕಚ್ಚಿರುತ್ತದೆ. ಕೆಲಸದ ಒತ್ತಡದಲ್ಲಿ ನಾನೇ ಎಷ್ಟೋ ಸಲ ಹದಿನಾಲ್ಕೂ ದಿನದ ಮಾತ್ರೆಯನ್ನು ಒಟ್ಟಿಗೆ ಕೈಗಿತ್ತು, ಬಿಡದೆ ತೆಗೆದುಕೊಳ್ಳಿ ಎಂದು ಹೇಳಿ ಮುಂದಿನ ಮನೆಗೆ ನಡೆದಿದ್ದೇನೆ. ಆ ನೋವು ನನಗೆ ಇಂದಿಗೂ ಇದೆ.

ಕಳೆದ ವರ್ಷ ಜೆಪ್ಪುವಿನ ಒಂದು ಕಟ್ಟಡದ ಶೆಡ್ಡಿನಲ್ಲಿದ್ದ ಕಾರ್ಮಿಕನಿಗೆ ಆರೋಗ್ಯ ಕೇಂದ್ರ ಕೊಟ್ಟ ಮಾತ್ರೆಯನ್ನು, ಈ ಗುಂಪಿನ ಹುಡುಗಿಯೊಬ್ಬಳು ದಿನವೂ ಸಂಜೆ ಅವನ ಊಟದ ಹೊತ್ತಿಗೆ ಹೋಗಿ ಕಣ್ಣೆದುರಿಗೇ ನುಂಗಿಸಿದಳು. ಹತ್ತನೆಯ ದಿನ ಮೇಸ್ತ್ರಿ ಅವನನ್ನು ಸುರತ್ಕಲ್ಲಿನ ಕೆಲಸಕ್ಕೆ ಕಳುಹಿಸಿದ. ಉಳಿದ ಐದು ದಿನ ಆ ಬಾಗಲಕೋಟೆಯ ಹುಡುಗ ಕೆಲಸ ಮುಗಿಸಿ ಬಸ್ಸು ಹತ್ತಿ ಸುರತ್ಕಲ್ಲಿಗೆ ಹೋದ. ಖಾಲಿಯಾದ ಮಾತ್ರೆಯ ಹಾಳೆಯನ್ನು ತಂದು ನನ್ನ ಕೈಯಲ್ಲಿಟ್ಟು, 'ಟೀಚರ್, ಹದಿನಾಲ್ಕೂ ಆಯಿತು' ಎಂದ. ನನ್ನನ್ನು ಅವರೆಲ್ಲ ಟೀಚರ್ ಎಂದೇ ಕರೆಯುತ್ತಾರೆ. ನಾನು ಅವರಿಗೆ ಕಲಿಸಿದ್ದು ಕಡಿಮೆ.

ಸಚಿವರೇ, ನವೆಂಬರ್ 1ರಂದು ನೆಹರೂ ಮೈದಾನದಲ್ಲಿ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಕೊಡುವಾಗ ಜಿಲ್ಲೆಯೇ ಅತ್ತ ನೋಡುತ್ತದೆ. ಯಕ್ಷಗಾನ, ದೈವಾರಾಧನೆ, ಕೃಷಿ, ಸಾಹಿತ್ಯ ಎಂದು ಬದುಕು ಸವೆಸಿದ ಹಿರಿಯರು ಅಲ್ಲಿ ನಿಂತಾಗ ನನಗೂ ಕಣ್ಣು ತುಂಬುತ್ತದೆ. ಅವರ ಪಾಲಿನಿಂದ ಒಂದಂಶವನ್ನೂ ಕಿತ್ತುಕೊಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಪ್ರಶಸ್ತಿಗೆ ಅರ್ಜಿ ಬೇಕು, ಅರ್ಜಿಯ ಜೊತೆ ಸಾಧನೆಯ ದಾಖಲೆ ಬೇಕು. ಈ ಮಕ್ಕಳು ಏನನ್ನು ಲಗತ್ತಿಸಬೇಕು? ಬಾರದ ಜ್ವರದ ಸುದ್ದಿಯನ್ನು ಯಾವ ಪತ್ರಿಕೆ ಬರೆದೀತು, ಅದರ ತುಣುಕನ್ನು ಎಲ್ಲಿಂದ ಕತ್ತರಿಸುವುದು? ಸಂಘ ಸಂಸ್ಥೆಗಳಿಗೂ ಪ್ರಶಸ್ತಿ ಇದೆ ಎನ್ನಬಹುದು. ಇವರದು ನೋಂದಣಿಯಾದ ಸಂಘವಲ್ಲ. ಬೈಲಾ ಬರೆಯಲು ಹೊರಟರೆ ಭಾನುವಾರ ಟ್ಯಾಂಕು ನೋಡುವವರು ಯಾರು?

2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಟ್ಟುತ್ತಿರುವ ಜಾಗಕ್ಕೆ 2000. ಒಳ್ಳೆಯ ನಿಯಮ, ನಾನು ಒಪ್ಪುತ್ತೇನೆ. ಸೊಳ್ಳೆ ಸಾಕಿದವನ ಹೆಸರು ಬರೆದುಕೊಳ್ಳಲು ಪುಸ್ತಕವಿದೆ ಎಂದಾದರೆ, ಸೊಳ್ಳೆ ಅಳಿಸಿದವರ ಹೆಸರು ಬರೆಯಲು ಒಂದು ಪುಟವಾದರೂ ಬೇಡವೇ?

ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗೆ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಬರಿಯ ಅಷ್ಟನ್ನೇ ಕೊಟ್ಟರೆ ಮುಂದಿನ ವರ್ಷ ಬಕೆಟಿಗಿಂತ ಕ್ಯಾಮೆರಾ ಹಿಡಿದವರೇ ಹೆಚ್ಚು ಬಂದಾರು. ಹಾಗಾಗಿ ಕೇಳಿಕೊಳ್ಳುತ್ತೇನೆ: ರಾಷ್ಟ್ರೀಯ ಯುವ ಪ್ರಶಸ್ತಿಗೆ ಇರುವಂತೆ 15ರಿಂದ 29ರ ವಯಸ್ಸಿನವರಿಗೆ ಜಿಲ್ಲಾ ಪ್ರಶಸ್ತಿಯಲ್ಲಿ ಸಮುದಾಯ ಆರೋಗ್ಯದ ಒಂದು ವಿಭಾಗ ತೆರೆಯಿರಿ. ಅರ್ಜಿ ಬೇಡ, ಆಶಾ ಕಾರ್ಯಕರ್ತೆಯರನ್ನು ಕೇಳಿ, ಯಾವ ಬೀದಿಯಲ್ಲಿ ಯಾರು ದುಡಿಯುತ್ತಾರೆ ಎಂಬುದು ಅವರಿಗೆ ಗೊತ್ತು. ಒಬ್ಬರ ಕೊರಳಿಗೆ ಹಾರ ಹಾಕಿ ಹತ್ತು ಮಂದಿಯನ್ನು ಕೆಳಗೆ ನಿಲ್ಲಿಸಬೇಡಿ, ಗುಂಪಿಗೆ ಕೊಡಿ. ಹಣ ಕೊಡುವುದಿದ್ದರೆ ಅದು ಟಾರ್ಚು, ಮಳೆ ಅಂಗಿ, ಬಸ್ಸಿನ ಖರ್ಚಿಗೆ ಸಾಲುವಂತಿರಲಿ. ಮಲೇರಿಯಾ ಮಾತ್ರವಲ್ಲ, ಆರು ತಿಂಗಳ ಕ್ಷಯ ಚಿಕಿತ್ಸೆಯಲ್ಲಿರುವವರ ಜೊತೆ ನಿಂತವರು, ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಮನೆಗೆ ಹೋಗಿ ಬರುವವರು, ನಡುರಾತ್ರಿ ವೆನ್ಲಾಕ್ ಆಸ್ಪತ್ರೆಗೆ ರಕ್ತದಾನಿಗಳನ್ನು ಕರೆತರುವವರು ಎಲ್ಲರೂ ಅದರಲ್ಲಿ ಬರಲಿ.

ಪ್ರಶಸ್ತಿಗಿಂತ ಮೊದಲು ಬೇಕಾದದ್ದು ಒಂದು ಗುರುತಿನ ಚೀಟಿ. ಹೋದ ಜುಲೈಯಲ್ಲಿ ಒಂದು ಕಟ್ಟಡದ ಗೇಟಿನಲ್ಲಿ ಮೂವರು ಹುಡುಗಿಯರನ್ನು ಕಾವಲುಗಾರ ಅರ್ಧ ಗಂಟೆ ಮಳೆಯಲ್ಲಿ ನಿಲ್ಲಿಸಿದ. ಅವನ ತಪ್ಪೇನೂ ಇಲ್ಲ, ಅವರ ಬಳಿ ತೋರಿಸಲು ಏನೂ ಇರಲಿಲ್ಲ. ಒಳಗೆ, ನೆಲಮಾಳಿಗೆಯಲ್ಲಿ, ಮೊಣಕಾಲೆತ್ತರ ನೀರು ನಿಂತಿತ್ತು. ಇನ್ನೊಬ್ಬನಿಗೆ ಕಾಲೇಜಿನಲ್ಲಿ ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕುಳಿತುಕೊಳ್ಳುವುದೇ ಕಷ್ಟವಾಯಿತು. ಜ್ವರ ಸಮೀಕ್ಷೆಗೆ ಹೋದ ದಿನಗಳಿಗೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಸಹಿ ಇದ್ದ ಪತ್ರವೊಂದು ಸಾಕಿತ್ತು.

ಒಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ. ಖಾಲಿ ಬಿದ್ದಿರುವ ಆರೋಗ್ಯ ಸಿಬ್ಬಂದಿಯ ಹುದ್ದೆಗಳಿಗೆ ಈ ಮಕ್ಕಳು ಬದಲಿಯಲ್ಲ. ಚೀಟಿ ಕೊಟ್ಟ ಮರುದಿನವೇ ಅವರಿಗೆ ಗುರಿ, ವರದಿ, ರಿಜಿಸ್ಟರು ಎಂದು ಹೊರೆ ಹೊರಿಸಿದರೆ ಮೂರೇ ತಿಂಗಳಿಗೆ ಎಲ್ಲರೂ ಮನೆ ಸೇರುತ್ತಾರೆ. ಸಂಬಳದ ಕೆಲಸಕ್ಕೆ ಸಂಬಳದವರನ್ನು ನೇಮಿಸಿ. ಇವರನ್ನು ಇವರಷ್ಟಕ್ಕೆ ಬಿಟ್ಟು, ಬಾಗಿಲು ತೆರೆದುಕೊಡಿ.

ಪ್ರಶಸ್ತಿಗೆ ನವೆಂಬರ್ ಇರಲಿ, ಚೀಟಿಗೆ ಅಲ್ಲಿಯವರೆಗೆ ಕಾಯಲಾಗದು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಇಲ್ಲಿ ಮೋಡ ಕಟ್ಟುತ್ತದೆ, ಅಲ್ಲಿಂದ ನಮ್ಮ ಕೆಲಸ ಶುರು. ಹನ್ನೊಂದು ಮಂದಿಯ ಹೆಸರಿನ ಪಟ್ಟಿಯನ್ನು, ಕಿರಿಯರ ಪೋಷಕರ ಒಪ್ಪಿಗೆ ಪತ್ರಗಳೊಂದಿಗೆ, ನಮ್ಮ ಆರೋಗ್ಯ ಕೇಂದ್ರಕ್ಕೆ ಕೊಟ್ಟಿದ್ದೇನೆ. ಆ ಕಾರ್ಮಿಕನಿಗೆ ಒಂಬತ್ತು ಸಂಜೆ ಮಾತ್ರೆ ನುಂಗಿಸಿದ ಹುಡುಗಿಯ ಹೆಸರು ಅದರಲ್ಲಿ ನಾಲ್ಕನೆಯದು. ಈ ವರ್ಷ ಅವಳ ಪದವಿ ಮುಗಿಯುತ್ತದೆ; ಕೆಲಸ ಹುಡುಕಿಕೊಂಡು ಜೂನ್‌ನಲ್ಲಿ ಬೆಂಗಳೂರಿಗೆ ಹೊರಡುತ್ತಾಳಂತೆ. ಅದಕ್ಕೆ ಮೊದಲು ಆ ಚೀಟಿ ಅವಳ ಕೈ ಸೇರಬೇಕು.

ಇತಿ,
ನಿವೃತ್ತ ಆರೋಗ್ಯ ಸಹಾಯಕಿ
ಬೋಳಾರ, ಮಂಗಳೂರು