ಸಾಫ್ಟ್ ಟೈರ್ ಇನ್ನು ಸ್ಟಾಕ್ ಇಡುವುದಿಲ್ಲ, ಹೆಸರು ಬರೆಸಿದವರಿಗೆ ತರಿಸಿಕೊಡುತ್ತೇವೆ

ಬಳ್ಳಾರಿ

ಪ್ರಿಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಸಾಫ್ಟ್ ಟೈರ್, ಅಂದರೆ ರಸ್ತೆಯಲ್ಲೂ ಓಡಿಸಬಹುದಾದ, ಹಿಲ್ ಕ್ಲೈಂಬ್ (ಗುಡ್ಡದ ದಾರಿ ವೇಗವಾಗಿ ಹತ್ತುವ) ಸ್ಪರ್ಧೆಗೂ ಒದಗುವ ಹೆಚ್ಚು ಹಿಡಿತದ ಟೈರ್, ಸ್ಟಾಕ್ ಇರುವುದಿಲ್ಲ. ಬೇಕಾದವರು ಹೆಸರು ಬರೆಸಿ ಅರ್ಧ ಹಣ ಅಡ್ವಾನ್ಸ್ ಕೊಟ್ಟರೆ ನಿಮ್ಮ ಗಾಡಿಗೆಂದೇ ತರಿಸಿ ಹಾಕಿಕೊಡುತ್ತೇವೆ. ತರಿಸಿದರೆ ನಾಲ್ಕೂ ತರಿಸುತ್ತೇವೆ. ಎರಡೇ ಸಾಕು ಅಂದರೆ ನಮ್ಮಿಂದ ಆಗುವುದಿಲ್ಲ. ದಿನಬಳಕೆಯ ಕಾರು, ಬೈಕು, ಟ್ರ್ಯಾಕ್ಟರ್ ಟೈರ್‌ಗಳ ವ್ಯಾಪಾರದಲ್ಲಿ ಯಾವ ಬದಲಾವಣೆಯೂ ಇಲ್ಲ.

ಈ ತೀರ್ಮಾನಕ್ಕೆ ಕಾರಣ ನಮ್ಮದೇ ತಪ್ಪು. ಅದನ್ನು ಮುಚ್ಚಿಡದೆ ಹೇಳಬೇಕು.

ಕಳೆದ ಸಲ ಮಳೆಗಾಲ ಮುಗಿದ ಮೇಲೆ, ಹಲವು ವರ್ಷದಿಂದ ನಮ್ಮಲ್ಲೇ ಗಾಳಿ ಹಿಡಿಸುವ ಒಬ್ಬ ಹುಡುಗ ತನ್ನ ಸ್ವಿಫ್ಟ್‌ಗೆ ಒಂದು ಸೆಟ್ ಸಾಫ್ಟ್ ಟೈರ್ ಹಾಕಿಸಿಕೊಂಡು ಘಟ್ಟದ ಕಡೆ ಸ್ಪರ್ಧೆಗೆ ಹೋದ. ಸೋಮವಾರ ಬೆಳಿಗ್ಗೆ ನಾವು ಶಟರ್ ಎತ್ತುವ ಹೊತ್ತಿಗೆ ಬಂದು ನಿಂತಿದ್ದ. "ಅಣ್ಣಾ, ಎರಡನೇ ತಿರುವಿನಾಗ ಸೋಪು ಹಚ್ಚಿದಂಗ ಜಾರಿತು, ಗಾಡಿ ಹುಲ್ಲಿಗೆ ಹೋಗಿ ನಿಂತ್ತು" ಅಂದ. ಅವನಿಗೆ ಏನೂ ಆಗಿರಲಿಲ್ಲ, ಅದು ದೊಡ್ಡದು. ನಾನು ಬಗ್ಗಿ ಟೈರಿನ ಮೈಗೆ ಹೆಬ್ಬೆರಳಿನ ಉಗುರು ಒತ್ತಿದೆ. ಗುರುತೇ ಬೀಳಲಿಲ್ಲ. ಹೊಸದಾಗಿ ಬಂದ ಅದೇ ಟೈರಿಗೆ ಒತ್ತಿದರೆ ಅರ್ಧಚಂದ್ರದಂತೆ ಒಂದು ಗೆರೆ ಮೂಡಿ, ಒಂದು ಗಳಿಗೆ ನಿಂತು, ಮೆಲ್ಲಗೆ ಮುಚ್ಚಿಕೊಳ್ಳುತ್ತದೆ.

ಆ ಸೆಟ್ ಎರಡು ಬೇಸಿಗೆ ನಮ್ಮ ತಗಡಿನ ಶೆಡ್ಡಿನಲ್ಲಿ, ಕಂಪ್ರೆಸರ್ ಮೋಟಾರಿನ ಪಕ್ಕದಲ್ಲೇ ಕೂತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ಗೊತ್ತೇ ಇದೆ. ತಗಡಿನ ಕೆಳಗೆ ಇನ್ನೂ ಹೆಚ್ಚು. ಬಿಸಿ ಒಂದೇ ಅಲ್ಲ, ಓಡುವ ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್ ಕೂಡ ರಬ್ಬರನ್ನು ಹಾಳು ಮಾಡುತ್ತದೆ. ದಿನಬಳಕೆಯ ಟೈರು ಇದನ್ನು ಒಂದಷ್ಟು ತಡೆದುಕೊಳ್ಳುತ್ತದೆ. ಸಾಫ್ಟ್ ಟೈರಿನ ರಬ್ಬರಿಗೆ ಆ ತಾಳ್ಮೆ ಇಲ್ಲ. ಹುಡುಗನಿಗೆ ಹಣ ವಾಪಸ್ ಕೊಟ್ಟು, ರಬ್ಬರಿನ ಗಟ್ಟಿತನ ಅಳೆಯುವ ಒಂದು ಮೀಟರ್ ತರಿಸಿದೆವು. ಶೋರ್ ಎ ಎಂಬ ಅಳತೆಯಲ್ಲಿ ದಿನಬಳಕೆಯ ಟೈರು ಸಾಮಾನ್ಯವಾಗಿ 60ರಿಂದ 70ರ ನಡುವೆ ತೋರಿಸುತ್ತದೆ, ಸಾಫ್ಟ್ ಟೈರು ಅದಕ್ಕಿಂತ ಕೆಳಗೆ ಇರಬೇಕು. ನಮ್ಮ ಸೆಟ್ ದಿನಬಳಕೆಯ ಸಾಲಿಗೆ ಬಂದು ನಿಂತಿತ್ತು. ಅವನು ಸಾಫ್ಟ್ ಟೈರಿನ ದುಡ್ಡು ಕೊಟ್ಟು, ಅದರ ಹಿಡಿತವನ್ನು ನಂಬಿ ತಿರುವಿಗೆ ಹೋಗಿದ್ದ. ಈ ಮಾತು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಹಾಗಾಗಿ ಇನ್ನು ಮುಂದೆ ಟೈರು ಬಂದ ದಿನ ನಿಮ್ಮನ್ನು ಕರೆದು, ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಮೈ ಮೇಲೆ DOT (ಡಾಟ್) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತೋರಿಸುತ್ತೇವೆ. 2224 ಅಂತ ಇದ್ದರೆ 2024ನೇ ಇಸವಿಯ 22ನೇ ವಾರ ತಯಾರಾದದ್ದು. ಆ ಅಂಕಿಯನ್ನು ಬಿಲ್ಲಿನಲ್ಲೂ ಬರೆಯುತ್ತೇವೆ. ಮೀಟರ್ ಇಟ್ಟು ನಿಮ್ಮೆದುರಿಗೇ ಅಳೆಯುತ್ತೇವೆ. ಬಿಸಿಲಿಗೆ ಕಾದ ರಬ್ಬರು ಮೆತ್ತಗಾಗಿ ತಪ್ಪು ಲೆಕ್ಕ ಕೊಡುವುದರಿಂದ ದಯವಿಟ್ಟು ಬೆಳಿಗ್ಗೆಯೇ ಬನ್ನಿ.

ಯಾವ ಟೈರ್ ತರಿಸಬೇಕು ಎಂಬ ಪ್ರಶ್ನೆಗೆ ಬರೋಣ. ಬಹಳ ಜನ ಟ್ರೆಡ್‌ವೇರ್ ಅಂಕಿ (ಟೈರು ಎಷ್ಟು ಬಾಳುತ್ತದೆ ಎಂದು ಅದರ ಮೇಲೆ ಬರೆದ ಅಂಕಿ, ಕಡಿಮೆ ಇದ್ದಷ್ಟು ಬೇಗ ಸವೆಯುತ್ತದೆ) ನೋಡಿ, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂದುಕೊಂಡು ಬರುತ್ತಾರೆ. ನಾನ್‌ಕಾಂಗ್ ಎಆರ್-1 ಟೈರಿನ ಮೇಲೆ 80, ಟೊಯೊ ಆರ್888ಆರ್ ಮೇಲೆ 100, ಯೊಕೊಹಾಮಾ ಎ052 ಮೇಲೆ 200 ಇರುತ್ತದೆ. ಇದು ಅಮೆರಿಕದ ಪದ್ಧತಿ. ಟೆಕ್ಸಾಸ್‌ನ ಸಾರ್ವಜನಿಕ ರಸ್ತೆಯಲ್ಲಿ ಒಟ್ಟು 7,200 ಮೈಲಿ ಓಡಿಸಿ, ಒಂದು ಮಾದರಿ ಟೈರಿಗೆ ಹೋಲಿಸಿ ಸವೆತ ಲೆಕ್ಕ ಹಾಕುತ್ತಾರೆ, ಕೊನೆಗೆ ಅಂಕಿ ಕೊಡುವುದು ಟೈರ್ ಕಂಪನಿಯೇ. ಅಳೆಯುವುದು ಸವೆತವನ್ನು, ಹಿಡಿತವನ್ನಲ್ಲ. ಒಂದು ಕಂಪನಿಯ 100 ಇನ್ನೊಂದು ಕಂಪನಿಯ 100ಕ್ಕೆ ಸಮ ಅಂತಲೂ ತಿಳಿಯಬಾರದು.

ಹಿಲ್ ಕ್ಲೈಂಬ್‌ನಲ್ಲಿ ನಿಮಗೆ ಸಿಗುವ ಸಮಯ ಎಷ್ಟು, ಅದನ್ನು ಮೊದಲು ಯೋಚಿಸಿ. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್ ಗುಡ್ಡದಲ್ಲಿ 1905ರಿಂದ ಈ ಸ್ಪರ್ಧೆ ನಡೆಯುತ್ತಿದೆ. ಅಲ್ಲಿನ ದಾರಿ ಬರೀ 1,000 ಗಜ, ಸುಮಾರು 914 ಮೀಟರ್. ಅತಿ ವೇಗದ ಕಾರುಗಳು 25 ಸೆಕೆಂಡಿನ ಒಳಗೇ ಮುಗಿಸಿಬಿಡುತ್ತವೆ. ಸರ್ಕ್ಯೂಟ್‌ನಲ್ಲಾದರೆ ಎರಡು ಸುತ್ತು ಹಾಕಿ ಟೈರು ಕಾಯಿಸಿಕೊಳ್ಳಬಹುದು, ಗುಡ್ಡದಲ್ಲಿ ಮೊದಲನೇ ತಿರುವೇ ಪರೀಕ್ಷೆ. ಕಡಿಮೆ ಅಂಕಿಯ ಟೈರುಗಳು ಹೆಚ್ಚಾಗಿ ಕಾದ ಮೇಲೆ ಅಂಟುವಂಥವು, ಅವು ಕಾಯುವ ಹೊತ್ತಿಗೆ ಓಟ ಮುಗಿದಿರುತ್ತದೆ. ಸ್ವಿಫ್ಟ್‌ನಂತಹ ಹಗುರ ಗಾಡಿ ಟೈರಿಗೆ ಕೊಡುವ ಬಿಸಿಯೂ ಕಡಿಮೆ. ಘಟ್ಟದ ಬೆಳಗಿನ ತಂಪಿನಲ್ಲಿ ಓಡಿಸುವವರಿಗೆ, ತಣ್ಣಗಿದ್ದಾಗಲೇ ಹಿಡಿಯುವ, 200 ಅಂಕಿಯ ಟೈರೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲೇ ಮನೆಗೂ ವಾಪಸ್ ಬರಬೇಕಲ್ಲ.

ಸೈಜಿನ ವಿಷಯದಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗಳಿಗೆ ಕಂಪನಿ ಕೊಡುವುದು 185/65 ಆರ್15, ಅಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಆ ಅಗಲದ ನೂರಕ್ಕೆ 65, ರಿಮ್ 15 ಇಂಚು. ಸಾಫ್ಟ್ ಟೈರು ಸುಲಭವಾಗಿ ಸಿಗುವುದು 195/50 ಆರ್15ರಲ್ಲಿ. ರಿಮ್ಮಿಗೆ ಕೂರುತ್ತದೆ, ಆದರೆ ಎತ್ತರ 621 ಮಿ.ಮೀ. ಇದ್ದದ್ದು 576ಕ್ಕೆ ಇಳಿಯುತ್ತದೆ. ಗಾಡಿ 23 ಮಿ.ಮೀ. ಕೆಳಗೆ ಬರುತ್ತದೆ. ಸ್ಪೀಡೋಮೀಟರ್ 100 ತೋರಿಸಿದಾಗ ನೀವು ಹೋಗುತ್ತಿರುವುದು ಸುಮಾರು 93. ಗೇರು ಚುರುಕಾದಂತೆ ಅನಿಸುವುದು ಕೆಲವರಿಗೆ ಇಷ್ಟ, ಆದರೆ ನಮ್ಮ ಓಣಿಯ ಹಂಪ್‌ಗಳಿಗೆ ಗಾಡಿಯ ತಳ ಬಡಿದರೆ ಆ ಖುಷಿ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಭಾರದ ಅಂಕಿ. ಹಳೆಯ ಟೈರಿನ ಮೇಲೆ 88 ಇದ್ದರೆ ಒಂದೊಂದು ಟೈರು 560 ಕಿಲೋ ಹೊರುತ್ತದೆ. 195/50ರ ಮೇಲೆ ಸಾಮಾನ್ಯವಾಗಿ ಇರುವ 82 ಅಂದರೆ 475 ಕಿಲೋ. ಸ್ಪರ್ಧೆಯ ದಿನ ಒಬ್ಬರೇ ಕೂತಾಗ ಸರಿ, ಮರುವಾರ ಅದೇ ಗಾಡಿಯಲ್ಲಿ ಮನೆಯವರನ್ನೆಲ್ಲ ಕೂರಿಸಿ, ಲಗೇಜು ತುಂಬಿ ಊರಿಗೆ ಹೊರಡುತ್ತೀರಿ. ಕಂಪನಿ ಕೊಟ್ಟ ಅಂಕಿಗಿಂತ ಕಡಿಮೆಯದನ್ನು ನಾವು ಹಾಕುವುದಿಲ್ಲ. ಹೆಸರು ಬರೆಸಲು ಬರುವಾಗ ಆರ್‌ಸಿ ಕಾರ್ಡ್ ಜೊತೆಗೆ ಗಾಡಿಯನ್ನೇ ತನ್ನಿ ಎಂದು ಕೇಳುವುದು ಇದಕ್ಕೇ. ಬೇಕಾದ ಸೈಜ್ ಸಿಗದಿದ್ದರೆ ಸಿಗುವುದಿಲ್ಲ ಅಂತಲೇ ಹೇಳಿ ಅಡ್ವಾನ್ಸ್ ಪೂರ್ತಿ ವಾಪಸ್ ಕೊಡುತ್ತೇವೆ.

"ಮುಂದಿನ ಎರಡು ಹಾಕಿ ಸಾಕು, ಎಳೆಯೋದು ಅವೇ ಅಲ್ವಾ" ಅನ್ನುವವರಿಗೆ: ಎಳೆಯುವುದು, ತಿರುಗಿಸುವುದು ಮುಂದಿನ ಗಾಲಿ, ನಿಜ. ಆದರೆ ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದೆ ಅಂಟುವ ಟೈರು, ಹಿಂದೆ ಸವೆದ ಗಟ್ಟಿ ಟೈರು ಇದ್ದರೆ ಹಿಂಭಾಗ ಸರ್ರನೆ ಸುತ್ತಿಕೊಂಡು ಬರುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಬೇಗ. ನಾಲ್ಕಕ್ಕೂ ದುಡ್ಡು ಹೊಂದದಿದ್ದರೆ ದಿನಬಳಕೆಯ ಒಳ್ಳೆಯ ಟೈರು ನಾಲ್ಕು ಹಾಕಿಸಿ. ಒಂದು ಸೀಸನ್ ಅದರಲ್ಲೇ ದಾರಿ ಕಲಿಯಿರಿ.

ಐಎಸ್‌ಐ ಮುದ್ರೆ ಇಲ್ಲದ ಟೈರನ್ನು ನಾವು ತರಿಸುವುದಿಲ್ಲ. ಕಾರಿನ ಟೈರಿಗೆ ಐಎಸ್ 15633 ಎಂಬ ಮಾನದಂಡವಿದೆ, 2009ರ ಸರ್ಕಾರಿ ಆದೇಶದ ಪ್ರಕಾರ ಆ ಮುದ್ರೆ ಕಡ್ಡಾಯ. ಹೊರದೇಶದ ಟೈರಿನ ಆಮದಿಗೂ 2020ರ ಜೂನ್‌ನಿಂದ ಪರವಾನಗಿ ಬೇಕು. ಕೆಲವು ಹೆಸರುಗಳು ಮೊದಲಿನಂತೆ ಸಿಗದಿರುವುದಕ್ಕೂ, ಸಿಕ್ಕರೂ ಬೆಲೆ ಏರಿರುವುದಕ್ಕೂ ಇದೇ ಕಾರಣ. ಆಯಾ ಸ್ಪರ್ಧೆಯ ನಿಯಮದ ಪುಸ್ತಕದಲ್ಲಿ ನಿಮ್ಮ ಕ್ಲಾಸಿಗೆ ಯಾವ ಟೈರು ನಡೆಯುತ್ತದೆ ಎಂಬ ಪುಟದ ಫೋಟೋ ತಂದರೆ ಇಬ್ಬರಿಗೂ ಅನುಕೂಲ.

ಗಾಳಿಯ ಬಗ್ಗೆ ಒಂದು ಮಾತು. ಹತ್ತು ಡಿಗ್ರಿ ತಾಪ ಇಳಿದರೆ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಬಳ್ಳಾರಿಯಲ್ಲಿ 38 ಡಿಗ್ರಿಯ ಮಧ್ಯಾಹ್ನ 30 ಹಿಡಿಸಿಕೊಂಡು ಹೋದರೆ, ಘಟ್ಟದಲ್ಲಿ 18 ಡಿಗ್ರಿಯ ಬೆಳಿಗ್ಗೆ ಅದು 27 ಆಗಿರುತ್ತದೆ. ಅಲ್ಲೇ ಮತ್ತೆ ಅಳೆಯಬೇಕು. ಒಂದು ಸೀಮೆಸುಣ್ಣ ಜೇಬಿನಲ್ಲಿಟ್ಟುಕೊಳ್ಳಿ. ಟೈರಿನ ಅಂಚಿನಿಂದ ಸೈಡ್‌ವಾಲ್‌ವರೆಗೆ ಮೂರು ಕಡೆ ಗೀಟು ಎಳೆದು ಒಂದು ಓಟ ಓಡಿಸಿ ಬಂದು ನೋಡಿ. ಅಂಚಿನ ಹತ್ತಿರ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಸೀಮೆಸುಣ್ಣ ಆ ತ್ರಿಕೋನವನ್ನು ದಾಟಿ ಕೆಳಗೂ ಅಳಿಸಿದ್ದರೆ ಗಾಳಿ ಕಡಿಮೆ, ಟೈರು ಮಗುಚಿಕೊಳ್ಳುತ್ತಿದೆ. ಅಂಚಿನಲ್ಲೇ ಅಳಿಸದೆ ಉಳಿದಿದ್ದರೆ ಗಾಳಿ ಹೆಚ್ಚು. ಒಂದೊಂದೇ ಪಿಎಸ್‌ಐ ಬದಲಿಸಿ, ಬರೆದಿಟ್ಟುಕೊಳ್ಳಿ. ಹೊರಡುವ ಮುಂಚೆ ಟೈರಿನ ಮೈ ಒರೆಸುವುದೂ ಮುಖ್ಯ. ನಮ್ಮ ಕಡೆಯ ಅದಿರಿನ ಕೆಂಧೂಳು, ಸಣ್ಣ ಕಲ್ಲು ಈ ರಬ್ಬರಿಗೆ ಹಿಟ್ಟಿಗೆ ಅಂಟಿದಂತೆ ಅಂಟುತ್ತವೆ.

ಈ ಟೈರುಗಳಲ್ಲಿ ನೀರು ಹೊರಹಾಕುವ ಶಕ್ತಿ ಕಡಿಮೆ. ತೋಡುಗಳು ಕೆಲವೇ, ಹೊಸದಿದ್ದಾಗಲೂ ಆಳ ಕಮ್ಮಿ. ಮಳೆಯಲ್ಲಿ ಹೆದ್ದಾರಿ 67ರ ಮೇಲೆ ನಿಂತ ನೀರಿಗೆ ವೇಗವಾಗಿ ನುಗ್ಗಿದರೆ ಗಾಡಿ ತೇಲುತ್ತದೆ. ಸವೆತದ ಗುರುತು 1.6 ಮಿ.ಮೀ.ಗೆ ಬರುವವರೆಗೆ ಕಾಯಬೇಡಿ, ಮಳೆಗಾಲಕ್ಕೆ ಹಳೆಯ ಟೈರುಗಳನ್ನೇ ಮತ್ತೆ ಹಾಕಿಸಿಕೊಳ್ಳಿ. ನಮ್ಮಲ್ಲಿ ತೆಗೆದುಕೊಂಡ ಸೆಟ್‌ಗೆ ವರ್ಷಕ್ಕೆ ಎರಡು ಸಲ ಬಿಚ್ಚಿ ಹಾಕುವುದು, ಬ್ಯಾಲೆನ್ಸಿಂಗ್ ಉಚಿತ.

ಕೈಮುಗಿದು ಕೇಳುವುದು ಒಂದೇ: ಸಂಡೂರಿನ ಘಾಟಿ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡಬೇಡಿ. ಅಲ್ಲಿ ಅದಿರು ಲಾರಿಗಳು ಇಳಿಯುತ್ತವೆ, ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗುವವರು ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹತ್ತುತ್ತಾರೆ. ರಸ್ತೆ ಮುಚ್ಚಿ, ಆಂಬುಲೆನ್ಸ್ ನಿಲ್ಲಿಸಿ ನಡೆಸುವ ಸ್ಪರ್ಧೆಗೆ ಮಾತ್ರ ನಾವು ಈ ಟೈರು ಕೊಡುತ್ತಿರುವುದು.

ಶೆಡ್ಡಿನಲ್ಲಿ ಉಳಿದಿರುವ ಮೂರು ಸೆಟ್‌ಗಳನ್ನು ಮಾರಾಟದಿಂದ ತೆಗೆದಿದ್ದೇವೆ. ಕಳೆದ ಎರಡು ವರ್ಷದಲ್ಲಿ ನಮ್ಮಿಂದ ಸಾಫ್ಟ್ ಟೈರು ಒಯ್ದವರು ಬಿಲ್ ಇರಲಿ ಇಲ್ಲದಿರಲಿ, ಗಾಡಿ ತನ್ನಿ. ನಮ್ಮ ಖಾತೆ ಪುಸ್ತಕದಲ್ಲಿ ನಿಮ್ಮ ಹೆಸರು ಇದೆ. ಬೆಳಿಗ್ಗೆ 9ರಿಂದ 11ರವರೆಗೆ ಮೀಟರ್ ಇಟ್ಟು ನೋಡುತ್ತೇವೆ, ರಬ್ಬರು ಗಟ್ಟಿಯಾಗಿದ್ದರೆ ಹಣ ಅಂದೇ ವಾಪಸ್.

ನಿಮ್ಮ ವಿಶ್ವಾಸಿ,
ಟೈರ್ ಅಂಗಡಿಯವರು