ಮಗಳಿಗೊಂದು ಪತ್ರ: ಚೀಟು ಮತ್ತೀಯನಿಗೆ ಬಂತು

ಪ್ರೀತಿಯ ಮಗಳೇ,

ಯೌವನಸ್ಥರ ಕೂಟದಲ್ಲಿ ಮಾತಾಡಲು ನಿನಗೆ ಕೊಟ್ಟಿರುವ ಅಪೊಸ್ತಲರ ಕೃತ್ಯಗಳು 1:15–26 ಮತ್ತು 1 ಯೋಹಾನ 5:9–13 ಒಂದಕ್ಕೊಂದು ಸೇರುವುದಿಲ್ಲ ಎಂದು ಬರೆದಿದ್ದೀಯ. ಒಂದರಲ್ಲಿ ಆಯ್ಕೆ, ಇನ್ನೊಂದರಲ್ಲಿ ನಿತ್ಯಜೀವ. ಆಯ್ಕೆಯಿಂದಲೇ ಶುರುಮಾಡು.

ಕೂಡಿದ್ದ ವಿಶ್ವಾಸಿಗಳು ಸುಮಾರು 120 ಮಂದಿ. ಯೇಸುವಿಗೆ ದ್ರೋಹ ಮಾಡಿದ ಅಪೊಸ್ತಲ ಯೂದನ ಸ್ಥಾನ ಖಾಲಿ. ಎದ್ದು ನಿಂತ ಪೇತ್ರ ಯಾರ ಹೆಸರನ್ನೂ ಎತ್ತುವುದಿಲ್ಲ. ಮೊದಲು ಅರ್ಹತೆ ಹೇಳುತ್ತಾನೆ: ಸ್ನಾನಿಕ ಯೋಹಾನನ ದೀಕ್ಷಾಸ್ನಾನದ ಕಾಲದಿಂದ ಯೇಸುವಿನ ಸ್ವರ್ಗಾರೋಹಣದವರೆಗೆ ಜೊತೆಗಿದ್ದವನಾಗಿರಬೇಕು. ಆಮೇಲೆ ಕೆಲಸ: ಪುನರುತ್ಥಾನಕ್ಕೆ ಸಾಕ್ಷಿಯಾಗುವುದು. ಅದಾದ ಮೇಲೆಯೇ ಬಾರ್ಸಬನೆನಿಸಿಕೊಂಡ ಯೋಸೇಫ ಮತ್ತು ಮತ್ತೀಯ ಎಂಬ ಎರಡು ಹೆಸರು, ಪ್ರಾರ್ಥನೆ, ಕೊನೆಗೆ ಚೀಟು. ಈ ಕ್ರಮವನ್ನು ನಿಧಾನವಾಗಿ ವಿವರಿಸು. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಚುನಾವಣೆಗಳು ಕೆಡುವುದು ಇದು ತಲೆಕೆಳಗಾದಾಗಲೇ: ಹೆಸರು ಮೊದಲೇ ಗುಂಪಿನಲ್ಲಿ ತೀರ್ಮಾನವಾಗಿರುತ್ತದೆ, ಪ್ರಾರ್ಥನೆ ಅದಕ್ಕೆ ಬರೀ ಮೊಹರು.

"ಹಾಗಾದರೆ ನಾವೂ ಚೀಟಿ ಎತ್ತೋಣ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಪಂಚಾಶತ್ತಮದ, ಅಂದರೆ ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದ ದಿನದ, ನಂತರ ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಚೀಟು ಹಾಕಿ ನಾಯಕರನ್ನು ಆರಿಸಿಲ್ಲ. ಕೃತ್ಯಗಳ 6ನೇ ಅಧ್ಯಾಯ ತೋರಿಸು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗಿತ್ತು. ಸಭೆಯೇ 7 ಮಂದಿಯನ್ನು ಆರಿಸಿತು, ಅಪೊಸ್ತಲರು ಪ್ರಾರ್ಥಿಸಿ ಕೈಯಿಟ್ಟರು. ಆ 7 ಹೆಸರೂ ಗ್ರೀಕ್! ದೂರಿದವರ ಕಡೆಯವರಿಗೇ ಹಂಚಿಕೆ ಒಪ್ಪಿಸಿದಂತೆ ಕಾಣುತ್ತದೆ. ಅಷ್ಟು ಧೈರ್ಯದ ಕಮಿಟಿ ಈಗ ಅಪರೂಪ.

ಸಭೆಯ ನಾಯಕರ ಅರ್ಹತೆ ಹೇಳುವ 1 ತಿಮೊಥೆಯ 3ನ್ನೂ ಓದಿಸು. ಬೋಧಿಸುವ ಸಾಮರ್ಥ್ಯವೊಂದನ್ನು ಬಿಟ್ಟರೆ ಅಲ್ಲಿರುವುದು ಬಹುಪಾಲು ನಡತೆಯ ಮಾತು: ಹಣದಾಸೆ ಇರಬಾರದು, ಜಗಳಗಂಟನಾಗಿರಬಾರದು, ಹೊರಗಿನವರೂ ಒಳ್ಳೆಯವನೆನ್ನಬೇಕು. ಹೊಸದಾಗಿ ಸಭೆಗೆ ಸೇರಿದವನು ಬೇಡ, ಹೆಮ್ಮೆಯಿಂದ ಕೆಟ್ಟಾನು. ಸಭಾಸೇವಕರನ್ನು ಮೊದಲು ಪರೀಕ್ಷಿಸಿ ಆಮೇಲೆ ನೇಮಿಸಬೇಕು (3:10). ಚೆನ್ನಾಗಿ ಹಾಡುತ್ತಾನೆಂದು ಒಬ್ಬನನ್ನು ಖಜಾಂಚಿ ಮಾಡುವವರು ಈ ವಚನವನ್ನು ದಾಟಿ ಹೋಗಿರುತ್ತಾರೆ.

ಇನ್ನು ನಿತ್ಯಜೀವ. ಯೂದ ಹನ್ನೆರಡು ಮಂದಿಯಲ್ಲೊಬ್ಬ, ಹಣದ ಚೀಲವೂ ಅವನ ಕೈಯಲ್ಲೇ ಇತ್ತು. ಸ್ಥಾನ ಅವನನ್ನು ಉಳಿಸಲಿಲ್ಲ. ಬಾರ್ಸಬನಿಗೆ ಚೀಟು ಬರಲಿಲ್ಲ, ಹಾಗೆಂದು ಅವನು ಕಳೆದುಕೊಂಡದ್ದೇನು? ದೇವರ ಮಗನನ್ನು ಹೊಂದಿದವನಿಗೆ ಜೀವವಿದೆ ಎನ್ನುತ್ತಾನೆ ನಿನ್ನ ಎರಡನೇ ಪಾಠದಲ್ಲಿ ಯೋಹಾನ. ಸತ್ತ ಮೇಲೆ ಸಿಗುತ್ತದೆಂದಲ್ಲ, ಈಗಲೇ ಇದೆ ಎಂದು. ಅದು ಓಟಿನಿಂದ ಬರುವಂಥದ್ದಲ್ಲ.

ಎರಡು ಪಾಠಗಳನ್ನು ಕೂಡಿಸುವ ಕೊಂಡಿ ನನಗೆ ಕಾಣುವುದು ಕೃತ್ಯಗಳು 12:2ರಲ್ಲಿ. ಹೆರೋದ ರಾಜನು ಅಪೊಸ್ತಲ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಹನ್ನೆರಡರಲ್ಲಿ ಮತ್ತೊಬ್ಬ ಹೋದ, ಆದರೆ ಅವನ ಬದಲಿಗೆ ಯಾರನ್ನೂ ಆರಿಸಿದ ಸುದ್ದಿಯಿಲ್ಲ. ಯೂದನ ಸ್ಥಾನ ತೆರವಾದದ್ದು ಸಾವಿನಿಂದಲ್ಲ, ದ್ರೋಹದಿಂದ. ಯಾಕೋಬ ಸತ್ತರೂ ಅವನ ಸಾಕ್ಷಿ ನಿಂತಿತು. ನಿನ್ನ ಹೊತ್ತಿನಲ್ಲಿ ಅರ್ಧ ಭಾಗ ಇದಕ್ಕೇ ಇಡು.

ಒಂದು ಎಚ್ಚರಿಕೆ. ಹಲವು ಸಭೆಗಳ ಪಾಠಪಟ್ಟಿ ಕೃತ್ಯಗಳು 1ರ 18ರಿಂದ 20ನೇ ವಚನಗಳನ್ನು ಬಿಡುತ್ತದೆ. ನೀನು ಪೂರ್ತಿ ಓದಿಸಿದರೆ, ಯೂದನ ಸಾವು ಮತ್ತಾಯ 27:5ರಲ್ಲಿ ಬೇರೆ ಥರ ಇದೆಯಲ್ಲ ಎಂಬ ಪ್ರಶ್ನೆ ಬರುತ್ತದೆ. ಎರಡನ್ನೂ ಓದಿ ತೋರಿಸು, ಚರ್ಚೆಯನ್ನು ಇನ್ನೊಂದು ವಾರಕ್ಕೆ ಇಟ್ಟುಕೋ.

ಇಂತಿ,
ನಿನ್ನ ಅಪ್ಪ