ಹೋಟೆಲ್ ಗಟಾರದ ಜಿಡ್ಡಿಗೆ ಸೂಕ್ಷ್ಮಾಣುಗಳ ಕಿಣ್ವ

ಮಾನ್ಯ ಸಂಪಾದಕರೇ,

ಮುಂಬಯಿಯ ಮಾಟುಂಗದಲ್ಲಿ ನಮ್ಮವರೇ ನಡೆಸುವ ಹೋಟೆಲೊಂದರ ಹಿಂಬದಿಯ ಗಟಾರ ಕಳೆದ ವಾರ ಕಟ್ಟಿಕೊಂಡಿತ್ತು. ಕೆಲಸದ ಹುಡುಗರು ಸಲಾಕೆಯಿಂದ ಎಳೆದು ತೆಗೆದದ್ದು ಸಾಬೂನಿನಂತೆ ಬೆಳ್ಳಗೆ ಹೆಪ್ಪುಗಟ್ಟಿದ್ದ ಜಿಡ್ಡಿನ ಗಡ್ಡೆಗಳನ್ನು. ಆಮೇಲೆ ಕಾಸ್ಟಿಕ್ ಸೋಡಾ ಸುರಿದು ಬಿಸಿನೀರು ಬಿಟ್ಟರು. ಹೀಗೆ ಕರಗಿದ ಜಿಡ್ಡು ತಣ್ಣಗಾದೊಡನೆ ಮುಂದಿನ ಕೊಳವೆಯಲ್ಲಿ ಮತ್ತೆ ಗಟ್ಟಿಯಾಗುತ್ತದೆ.

ಸೂಕ್ಷ್ಮಾಣುಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ ಎಂದು ಹೇಳಬೇಕೆನಿಸಿತು. ಕೊಬ್ಬನ್ನು ಒಡೆಯಲು ನಮ್ಮ ಮೇದೋಜೀರಕ ಗ್ರಂಥಿ ಸ್ರವಿಸುವಂಥ ಲೈಪೇಸ್ ಕಿಣ್ವವನ್ನು ಅನೇಕ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟುಗಳೂ ತಯಾರಿಸುತ್ತವೆ. ಕೊಬ್ಬಿನ ಹನಿಯನ್ನು ನುಂಗಲಾರದ ಈ ಜೀವಿಗಳು ಕಿಣ್ವವನ್ನು ಹೊರಗೆ ಬಿಟ್ಟು, ಅಲ್ಲಿಯೇ ಜೀರ್ಣಿಸಿ, ಬಳಿಕ ಹೀರಿಕೊಳ್ಳುತ್ತವೆ. ಟ್ರೈಬ್ಯುಟಿರಿನ್ ಎಂಬ ಕೊಬ್ಬನ್ನು ಬೆರೆಸಿ ಹಾಲಿನಂತೆ ಮಸುಕಾಗಿಸಿದ ಅಗರ್ (ಸೂಕ್ಷ್ಮಾಣುಗಳನ್ನು ಬೆಳೆಸುವ ಲೋಳೆ) ತಟ್ಟೆಗೆ ಎಣ್ಣೆಗಾಣದ ಬಳಿಯ ಮಣ್ಣನ್ನು ಕದಡಿದ ನೀರು ಹಚ್ಚಿ ಒಂದೆರಡು ದಿನ ಬಿಟ್ಟರೆ, ಅಲ್ಲಿ ಬೆಳೆದ ಸೂಕ್ಷ್ಮಾಣುಗಳ ಕೆಲವು ಚುಕ್ಕೆಗಳ ಸುತ್ತ ಗಾಜಿನಂತೆ ತಿಳಿಯಾದ ಉಂಗುರ ಮೂಡುತ್ತದೆ. ಆ ಉಂಗುರವೇ ಕಿಣ್ವದ ಮೊದಲ ಸುಳಿವು. ವರ್ಷವರ್ಷವೂ ಅದನ್ನು ಕಂಡ ವಿದ್ಯಾರ್ಥಿಗಳ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಬಟ್ಟೆಯ ಎಣ್ಣೆಕಲೆ ತೆಗೆಯಲು, ಒಂದು ಶಿಲೀಂಧ್ರದ ಲೈಪೇಸನ್ನು ವಂಶವಾಹಿ ತಂತ್ರದಿಂದ ಇನ್ನೊಂದು ಶಿಲೀಂಧ್ರದಲ್ಲಿ ಬೆಳೆಸಿ 1988ರಲ್ಲೇ ಮಾರುಕಟ್ಟೆಗೆ ತರಲಾಗಿತ್ತು.

ಆದರೆ ಕಿಣ್ವದ ಪುಡಿಯನ್ನಷ್ಟೇ ಗಟಾರಕ್ಕೆ ಸುರಿದರೆ ಸಾಲದು ಎಂಬುದನ್ನು ಹೋಟೆಲ್ ಬಂಧುಗಳು ಗಮನಿಸಬೇಕು. ಲೈಪೇಸ್ ಕೊಬ್ಬನ್ನು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಾಗಿ ಒಡೆಯುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ; ಆ ಆಮ್ಲಗಳು ನೀರಿನಲ್ಲಿಯೂ ಸಿಮೆಂಟಿನಲ್ಲಿಯೂ ಇರುವ ಕ್ಯಾಲ್ಸಿಯಂ ಜತೆ ಸೇರಿದರೆ ಮತ್ತೆ ಗಟ್ಟಿ ಸಾಬೂನೇ ಆಗುತ್ತದೆ. ಆದ್ದರಿಂದ ಕೊಬ್ಬಿನಾಮ್ಲಗಳನ್ನೂ ತಿಂದು ಮುಗಿಸುವ, ಅಪಾಯಕಾರಿಯಲ್ಲದ ಜೀವಂತ ಬ್ಯಾಕ್ಟೀರಿಯಾ ಬೇಕು, ಅವಕ್ಕೆ ಗಾಳಿಯೂ ಸಮಯವೂ ಬೇಕು. ಅಡುಗೆಮನೆಗೂ ಗಟಾರಕ್ಕೂ ನಡುವೆ ಜಿಡ್ಡು ತಡೆಯುವ ತೊಟ್ಟಿ ಇರಬೇಕು. ರಾತ್ರಿ ಪಾತ್ರೆ ತೊಳೆದು ಮುಗಿದ ಮೇಲೆ, ನೀರು ನಿಂತಾಗ, ಈ ಬ್ಯಾಕ್ಟೀರಿಯಾಗಳನ್ನು ತೊಟ್ಟಿಗೆ ಬಿಡಬೇಕು. ಕಾಸ್ಟಿಕ್, ಬ್ಲೀಚಿಂಗ್ ಪುಡಿ ಬಿದ್ದರೆ ಅವು ಸಾಯುತ್ತವೆ. ಮುಂಬಯಿಯ ಸೆಕೆ ಅವಕ್ಕೆ ಹಿತವಾದದ್ದೇ.

ಹೋಟೆಲ್ ಮಾಲಕರ ಸಂಘಟನೆಗಳೂ ಮಹಾನಗರಪಾಲಿಕೆಯೂ ಕೂಡಿ ಕೆಲವು ಹೋಟೆಲುಗಳಲ್ಲಿ ಮಳೆಗಾಲಕ್ಕೆ ಮುನ್ನ ಇದನ್ನು ಪ್ರಯೋಗಿಸಿ, ತೊಟ್ಟಿಗೆ ಬರುವ ನೀರಿನಲ್ಲಿಯೂ ಹೊರಹೋಗುವ ನೀರಿನಲ್ಲಿಯೂ ಎಣ್ಣೆಯಂಶ ಎಷ್ಟೆಂದು ಅಳೆದು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ, ಮಾಟುಂಗ, ಮುಂಬಯಿ